ಪದ ಬೇಕು, ಅರ್ಜೆಂಟು: ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್‌ಗೆ ಡಾಕ್ಟರ್‌ಗಳು ಬೆಚ್ಚಿಬೀಳದ ಕನ್ನಡ

ಸಂಪಾದಕಿ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ನಮ್ಮ ಆರೋಗ್ಯ ಮಾಸಿಕದಲ್ಲಿ ಮುಂದಿನ ಸಂಚಿಕೆಯಿಂದ ಡಾಕ್ಟರ್‌ಗಳೇ ಬರೆಯೋ ಉಪಕರಣ ವಿಮರ್ಶೆ ಶುರು ಮಾಡ್ತಿದೀವಿ, ಮನೇಲಿ ಇಟ್ಕೊಳ್ಳೋ ಬಿಪಿ ಮಷಿನ್ನು, ಗ್ಲುಕೋಮೀಟರು, ಶುಗರನ್ನ ಸತತವಾಗಿ ನೋಡೋಕೆ ತೋಳಿಗೆ ಅಂಟಿಸ್ಕೊಳ್ಳೋ ಸಿಜಿಎಂ, ಇಸಿಜಿ ತೋರ್ಸೋ ವಾಚು ಇಂಥವು. ಅಂಕಣದ ಹೆಸರು 'ವೈದ್ಯರ ಶಿಫಾರಸು'. ಕಂಪನಿಯಿಂದ ದುಡ್ಡು, ಟಿಕೆಟ್ಟು, ಷೇರು, ಪುಕ್ಕಟೆ ಮಷಿನ್ನು ಏನಾದ್ರೂ ಬಂದಿದ್ಯಾ ಅಂತ ಬರೆಯೋರ ಹತ್ರ ಒಂದು ಫಾರಂ ತುಂಬಿಸ್ಕೋತೀವಿ, ಅದರ ಸಾರಾಂಶ ಲೇಖನದ ತಲೆ ಮೇಲೇ ಅಚ್ಚಾಗತ್ತೆ. ಪೇಪರಿನವರು ಬಳಸೋ 'ಹಿತಾಸಕ್ತಿ ಸಂಘರ್ಷ'ವನ್ನೇ ಶಿರೋನಾಮೆ ಮಾಡಿದ್ದೆ. ಬಂದ ಫಾರಂಗಳಲ್ಲೆಲ್ಲ ಅದರ ಮುಂದೆ 'ಇಲ್ಲ' ಅಂತಿದೆ, ಕೆಳಗೆ ಸಹಿ. ಅವರಲ್ಲಿ ಒಬ್ರು ಅದೇ ಕಂಪನಿಯ ಕಾರ್ಯಕ್ರಮದಲ್ಲಿ ಭಾಷಣ ಮಾಡಿದ ವಿಡಿಯೋ ಯೂಟ್ಯೂಬಲ್ಲೇ ಇದೆ. ಕೇಳಿದ್ರೆ 'ಸಂಘರ್ಷ ಎಲ್ಲಿ ಬಂತು ಮೇಡಂ, ನಾವೂ ಅವ್ರೂ ಚೆನ್ನಾಗೇ ಇದೀವಲ್ಲ' ಅಂದ್ರು! ಇನ್ನೊಂದು, ವಿಮರ್ಶೆಗೆ ಅಂತ ಕೊಟ್ಟು ಆಮೇಲೆ ವಾಪಸ್ ತಗೊಂಡು ಹೋಗೋ ಮಷಿನ್ನಿಗೂ ಒಂದು ಪದ ಬೇಕು. ಶುಕ್ರವಾರ ಪುಟ ಪ್ರೆಸ್ಸಿಗೆ.

ಮೈಸೂರಿಂದ:
ಹಿತಾಸಕ್ತಿ ಅನ್ನೋ ಸಮಾಸವೇ ಕೆಟ್ಟದ್ದು. ಆಸಕ್ತಿ ಅಂದ್ರೆ ಸಂಜ್ ಧಾತು, ಅಂಟಿಕೊಳ್ಳೋದು. ಇಂಗ್ಲಿಷಿನ ಇಂಟರೆಸ್ಟ್‌ಗೆ ಲಾಭ, ಕುತೂಹಲ ಅಂತ ಎರಡರ್ಥ ಇದ್ದದ್ದಕ್ಕೆ ಯಾರೋ ಹಿತವನ್ನೂ ಆಸಕ್ತಿಯನ್ನೂ ಒಟ್ಟಿಗೆ ಹೊಲಿದುಬಿಟ್ರು, ಆಮೇಲೆ 'ಪಟ್ಟಭದ್ರ' ಬಂತು 'ಸಾರ್ವಜನಿಕ' ಬಂತು, ಈಗ ಕೀಳೋ ಹಾಗಿಲ್ಲ. 'ಸ್ವಾರ್ಥಪ್ರಕಟಣೆ' ಅನ್ನಿ. ಸ್ವ ಅರ್ಥ, ಮೂಲದಲ್ಲಿ ಅದು ಬೈಗುಳ ಅಲ್ಲ.

ಧಾರವಾಡದಿಂದ:
ಸ್ವಾರ್ಥ ಅಂತ ಬರದ ಫಾರಂ ಕೊಟ್ರ ಯಾವ ಡಾಕ್ಟರೂ ನಿಮ್ಮ ಕಡೆ ಹಾಯೂದಿಲ್ಲ ನೋಡ್ರಿ. 'ಹಂಗು' ಅಂತ ಎಂಥಾ ಚಲೋ ಮಾತು ಐತಿ. ಒಬ್ಬರದು ಉಂಡ ಮ್ಯಾಲೆ ಅವರಿಗೆ ಎದುರಾಡಾಕ ಬಾಯಿ ಬರದಂಗ ಆಗತೈತಲ್ಲ, ಅದಕ್ಕ ಹಂಗು ಅಂತೀವಿ. ಕಂಪನಿ ಖರ್ಚಿನಾಗ ಗೋವಾಕ್ಕ ಹೋಗಿ ಬಂದಾಂವ ಅದೇ ಕಂಪನಿ ಮಷಿನ್ ಹೊಗಳಿ ಬರದ್ರ ಇನ್ನೇನ್ರಿ ಅದು? 'ಕಂಪನಿ ಹಂಗು: ಐತಿ / ಇಲ್ಲ'. ಮುಗೀತು. ವಾಪಸ್ ಕೊಡೂ ಮಷಿನ್ನಿಗೆ 'ಕಡ ತಂದದ್ದು'.

ಮೈಸೂರಿಂದ:
ಹಂಗು ಆಗಬಹುದು. ಹೊಸಗನ್ನಡದ ಹಕಾರ ಹಳಗನ್ನಡದ ಪಕಾರ, ಪುಲಿ ಹುಲಿಯಾಯ್ತು, ಪಾಲ್ ಹಾಲಾಯ್ತು, ಹಾಗಾಗಿ ಇದು 'ಪಂಗು' ಇದ್ದಿರಬೇಕು, ತಮಿಳಲ್ಲಿ ಪಂಗು ಅಂದ್ರೆ ಪಾಲು, ಷೇರು. ಷೇರು ಇದ್ದವನೇ ಹಂಗಿನವನು, ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ.

ಶಿವಮೊಗ್ಗದಿಂದ:
ಕೂಡಿಬಂದಿಲ್ಲ ಸರ್, ನೀವು ಕೂಡಿಸಿದ್ದು. ಭಾಗ ಅನ್ನೋ ಅರ್ಥದ 'ಪಾಲು' ಯಾಕೆ ಇನ್ನೂ ಪಾಲಾಗೇ ಇದೆ ಹಾಗಾದ್ರೆ? ಪಂಗು ಅಂತ ಈ ಅರ್ಥದಲ್ಲಿ ಹಳಗನ್ನಡದ ಒಂದು ಪ್ರಯೋಗ ತೋರಿಸಿ, ಆಮೇಲೆ ಮಾತು.
ಧಾರವಾಡದೋರಿಗೆ: ಕಡ ಆಗಲ್ಲ. ಪಕ್ಕದ ಮನೆಯಿಂದ ಸಕ್ಕರೆ ಕಡ ತಂದ್ರೆ ಬೇರೆ ಸಕ್ಕರೆ ಕೊಟ್ಟು ತೀರಿಸ್ತೀವಿ. ತಂದಿದ್ದನ್ನೇ ವಾಪಸ್ ಕೊಟ್ರೆ ಎರವಲು. 'ಎರವಲು ಮಷಿನ್'.

ಮಂಗಳೂರಿಂದ (ನಾನೂ ಡಾಕ್ಟರೇ):
ಹಂಗು ಚಂದ ಉಂಟು, ಆದ್ರೆ ಫಾರಂಗೆ ಬೇಡ. ಆ ಪದದಲ್ಲಿ ತೀರ್ಪು ಮೊದಲೇ ಕೂತಿದೆ, ಸಂಘರ್ಷಕ್ಕಿಂತ ಜೋರಾಗಿ. ಇಂಗ್ಲಿಷಲ್ಲೂ ಇದೇ ರಗಳೆ ಆಗಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ 1998ರಲ್ಲಿ 'ಕಾನ್‌ಫ್ಲಿಕ್ಟ್' ಬಿಟ್ಟು 'ಕಾಂಪೀಟಿಂಗ್ ಇಂಟರೆಸ್ಟ್ಸ್' ಅಂತ ಮಾಡ್ತು, ಹಳೇ ಹೆಸರು ನೋಡಿದ್ರೆ ಬರೆಯೋರಿಗೆ ಏನೋ ತಪ್ಪು ಒಪ್ಕೊಂಡ ಹಾಗೆ ಅನ್ನಿಸ್ತಿತ್ತು. ಐಸಿಎಂಜೆಇ, ಅಂದ್ರೆ ವೈದ್ಯಕೀಯ ಪತ್ರಿಕೆ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅವರ ಫಾರಂ ನೋಡಿ. ಕಳೆದ 36 ತಿಂಗಳಲ್ಲಿ ಸಲಹೆಗೆ ಫೀಸು, ಭಾಷಣಕ್ಕೆ ದುಡ್ಡು, ಪ್ರಯಾಣ, ಪೇಟೆಂಟು, ಷೇರು ಅಂತ ಸಾಲು ಸಾಲಾಗಿ ಕೇಳ್ತಾರೆ, ಉಪಕರಣ ಪಡೆದದ್ದಕ್ಕೂ ಸಾಲು ಉಂಟು. ಹಾಗಾಗಿ ಎರವಲು ಮಷಿನ್ನೂ ಬರೆಸಿ. ಏನು ಬಂತು ಅಂತ ಡಾಕ್ಟರು ಹೇಳಲಿ ಸಾಕು, ಅದು ಅಡ್ಡ ಬರ್ತದಾ ಇಲ್ವಾ ಅಂತ ನೋಡೋದು ನೀವು. 'ಕಂಪನಿ ಜೊತೆಗಿನ ನಂಟು' ಅನ್ನಿ. ಬರೆಸಿಕೊಂಡ ಮಾತ್ರಕ್ಕೆ ನಿಮ್ಮ ಕೆಲಸ ಮುಗೀಲಿಲ್ಲ, ಉದ್ಯಮದ ಜೊತೆ ದುಡ್ಡಿನ ನಂಟು ಇರೋರಿಂದ ಸಂಪಾದಕೀಯ, ಶೈಕ್ಷಣಿಕ ಲೇಖನ ಬರೆಸೋದಿಲ್ಲ ಅಂತ ಬಿಎಂಜೆ 2014ರಲ್ಲಿ ಹೇಳಿಯೇಬಿಟ್ಟಿತು. ಆ ಭಾಷಣದವರ ಕೈಯಲ್ಲಿ ಬೇರೆ ಏನಾದ್ರೂ ಬರೆಸಿ.

ಅಂಕಣದ ಹೆಸರು ಮೊದಲು ತೆಗೀರಿ ಮಾರಾಯ್ರೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳಿಗೆ 2009ರಲ್ಲಿ ಸೇರಿಸಿದ ಕಲಂ 6.8ರ ಪ್ರಕಾರ ಡಾಕ್ಟರು ಕಂಪನಿಯ ಔಷಧಿಯನ್ನಾಗಲಿ ಉತ್ಪನ್ನವನ್ನಾಗಲಿ ಸಾರ್ವಜನಿಕವಾಗಿ ಎಂಡಾರ್ಸ್ ಮಾಡೋ ಹಾಗಿಲ್ಲ. 2023ರ ಹೊಸ ನಿಯಮಗಳನ್ನ ತಂದ ತಿಂಗಳಲ್ಲೇ ತಡೆಹಿಡಿದು ಹಳೇದನ್ನೇ ಮತ್ತೆ ಜಾರಿಗೆ ತಂದ್ರು. 'ಶಿಫಾರಸು' ಅಂತ ತಲೆ ಮೇಲೆ ಹಾಕಿ ಕೆಳಗೆ ಬ್ರಾಂಡಿನ ಫೋಟೋ ಹಾಕಿದ್ರೆ ಬರೆದವರ ರಿಜಿಸ್ಟ್ರೇಷನ್ನಿಗೇ ಕುತ್ತು. 'ಪರೀಕ್ಷೆ' ಅಂತ ಹೆಸರಿಡೋದೂ ಬೇಡ. ಬಿಪಿ ಮಷಿನ್ನಿನ ಪರೀಕ್ಷೆ ಅಂದ್ರೆ ಐಎಸ್‌ಒ 81060-2 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಆಗ್ಬೇಕು, ಕಮ್ಮಿ ಅಂದ್ರೂ 85 ಜನರ ಮೇಲೆ ನೋಡ್ಬೇಕು, ಒಬ್ಬ ಡಾಕ್ಟರು ಕ್ಲಿನಿಕ್ಕಿಗೆ ಬಂದ ನಾಲ್ಕು ಜನಕ್ಕೆ ಪಟ್ಟಿ ಸುತ್ತಿ ನೋಡಿದ್ದು ಪರೀಕ್ಷೆ ಅಲ್ಲ. 'ಬಳಸಿ ನೋಡಿದ್ದು' ಅಂತ ಹಾಕಿ.

ಎಲ್ಲರಕನ್ನಡದೋರು:
ಎಲ್ಲರಕನ್ನಡ ಅಂದ್ರೆ ಮಂದಿ ಆಡೋ ಮಾತು, ಆದಷ್ಟೂ ಸಂಸ್ಕ್ರುತದ ಪದ ಬೇಡ, ಮಹಾಪ್ರಾಣವೂ ಬೇಡ. ವಿಮರ್ಶೆ, ಹಿತಾಸಕ್ತಿ, ಸಂಗರ್ಶ ಮೂರೂ ಕನ್ನಡ ಅಲ್ಲ. ನಂಟು ಸರಿ, ಆದ್ರೆ 'ಜೊತೆಗಿನ' ಯಾಕೆ ಬಾಲ? 'ನಂಟರಿಕೆ' ಅನ್ನಿ, ನಂಟಿನ ಅರಿಕೆ. ವಿಮರ್ಶೆಗೆ 'ಒರೆನೋಟ'.

ಶಿವಮೊಗ್ಗದಿಂದ:
ನಂಟರಿಕೆ ಅಂದ್ರೆ ಬೀಗರ ಮನೆ ಲಗ್ನಪತ್ರಿಕೆ ಅನ್ಸತ್ತೆ. ಬೇಡ.

ಮೈಸೂರಿಂದ:
ವಿಮರ್ಶೆ ಕನ್ನಡ ಅಲ್ಲವಂತೆ, ಆದ್ರೆ ಈ ಚರ್ಚೆಯಲ್ಲಿ ಫಾರಂ, ಮಷಿನ್ನು, ಕಂಪನಿ, ಡಾಕ್ಟರು ಅಂತ ಬರೆದದ್ದಕ್ಕೆ ಯಾರೂ ತುಟಿಪಿಟಕ್ ಅನ್ನಲಿಲ್ಲ. ಸಾವಿರ ವರ್ಷ ಮನೇಲಿದ್ದದ್ದು ಪರಕೀಯ, ನಿನ್ನೆ ಬಂದದ್ದು ಸ್ವಂತ.

ಎಲ್ಲರಕನ್ನಡದೋರು:
ಮಂದಿ ಬಾಯಲ್ಲಿ ಏನಿದೆಯೋ ಅದು ಕನ್ನಡ. ಮಷಿನ್ನು ಮಂದಿ ಬಾಯಲ್ಲಿದೆ. ಸ್ವಾರ್ತಪ್ರಕಟಣೆ ಯಾರ ಬಾಯಲ್ಲಿದೆ ಹೇಳಿ.

ಧಾರವಾಡದಿಂದ:
ಹಂಗಾರ ನಂಟರಿಕಿ ಯಾರ ಬಾಯಾಗ ಐತ್ರಿ?

ಸಂಪಾದಕಿ, ಬೆಂಗಳೂರು:
ಪುಟ ಹೋಯ್ತು. ಅಂಕಣ 'ಬಳಸಿ ನೋಡಿದ್ದು'. ಫಾರಂ ಮೇಲೆ 'ಕಂಪನಿ ಜೊತೆಗಿನ ನಂಟು (ಕಳೆದ 36 ತಿಂಗಳು)', ಒಂದೊಂದು ಬಾಬ್ತಿಗೂ ಬೇರೆ ಸಾಲು, ಕೊನೇ ಸಾಲು 'ಈ ಮಷಿನ್ ಸ್ವಂತದ್ದು / ಎರವಲು / ಪುಕ್ಕಟೆ'. ಹೊಸ ಫಾರಂನ ಮತ್ತೆ ಎಲ್ಲರಿಗೂ ಕಳಿಸಿದೆ, 'ಸಂಘರ್ಷ ಇಲ್ಲ' ಅಂದಿದ್ದವರಲ್ಲಿ ಇಬ್ರು ಈಗ ಭಾಷಣದ ದುಡ್ಡನ್ನ ತಾವೇ ಬರೆದಿದಾರೆ, ಯೂಟ್ಯೂಬಿನೋರು ಮಾತ್ರ ಫೋನ್ ಎತ್ತುತಿಲ್ಲ. ಅವರ ಲೇಖನ ತೆಗೆದಿದೀವಿ. ಎಲ್ಲರಿಗೂ ಥ್ಯಾಂಕ್ಸ್.

ಎಲ್ಲರಕನ್ನಡದೋರು:
ನಂಟರಿಕೆ ಯಾಕೆ ಬಿಟ್ರಿ ಅಂತ ಬರಹದಲ್ಲಿ ಬೇಕು.