ಬಡ್ಡಿಯ ಲೆಕ್ಕ: ಕುಟುಂಬದ ಗುಂಪಿನಲ್ಲಿ ಒಂದು ಸಂಜೆ

ಸಿಡ್ನಿ ಭಾವ: ಈ ವಿಡಿಯೊವನ್ನು ಎಲ್ಲರೂ ನೋಡಬೇಕು. 2022ರ ಮಾರ್ಚ್ 25ರಂದು ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ನಡೆದ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯದಲ್ಲಿ ಜೀಲಾಂಗ್ ತಂಡದ ವಿರುದ್ಧ ನಮ್ಮ ಸಿಡ್ನಿ ತಂಡದ ಲ್ಯಾನ್ಸ್ ಫ್ರಾಂಕ್ಲಿನ್ ತನ್ನ ಸಾವಿರನೆಯ ಗೋಲು ಹೊಡೆದೊಡನೆ ಜನ ಸಾವಿರಗಟ್ಟಲೆ ಮೈದಾನಕ್ಕೆ ನುಗ್ಗಿದರು. ಆಟ ಸುಮಾರು ಅರ್ಧ ಗಂಟೆ ನಿಂತಿತು. ಈತನನ್ನು ಕರೆತರಲು ಸಿಡ್ನಿ ಕೊಟ್ಟ ಹಣ ದಂಡವಾಯಿತು ಎನ್ನುವವರು ಈ ಗುಂಪಿನಲ್ಲಿಯೇ ಇದ್ದಾರೆ.

ಮೆಲ್ಬರ್ನ್ ಅಕ್ಕ: ಹೆಸರು ಹೇಳಿಯೇ ಬರೆಯಿರಿ ಭಾವ, ನನಗೇನೂ ಬೇಸರವಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಡೌರಿನ್ ಎಂಬ ಸಣ್ಣ ಊರಿನ ಹುಡುಗನನ್ನು 2004ರ ಡ್ರಾಫ್ಟಿನಲ್ಲಿ, ಅಂದರೆ ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಐದನೆಯ ಆಯ್ಕೆಯಾಗಿ ಕರೆತಂದು ಬೆಳೆಸಿದ್ದು ನಮ್ಮ ಮೆಲ್ಬರ್ನಿನ ಹಾಥಾರ್ನ್ ಕ್ಲಬ್. 2008ರಲ್ಲಿ ಒಂದೇ ವರ್ಷಕ್ಕೆ 113 ಗೋಲು ಹೊಡೆದು ಕಪ್ ಗೆಲ್ಲಿಸಿದ, 2013ರಲ್ಲಿ ಇನ್ನೊಂದು ಕಪ್ ಗೆದ್ದ, ಅದರ ಸಂಭ್ರಮ ಆರುವ ಮೊದಲೇ ನಿಮ್ಮೂರಿಗೆ ಹೊರಟುಬಿಟ್ಟ.

ಚಿಕ್ಕಪ್ಪ: ವಿಡಿಯೊದಲ್ಲಿ ಎಲ್ಲರೂ ಅವನನ್ನು ‘ಬಡ್ಡಿ’ ಎಂದು ಕೂಗುತ್ತಿದ್ದಾರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನು ಕೇಳುತ್ತಿದ್ದೇನೆ, ಅಸಲು ಎಷ್ಟು?

ಸಿಡ್ನಿ ಭಾವ: ಅದು ‘Buddy’, ಅವನ ಅಡ್ಡಹೆಸರು ಮಾವ. ಅಸಲು ಕೇಳಿದರೆ, ಸಿಡ್ನಿಯ ಒಪ್ಪಂದ ಒಂಬತ್ತು ವರ್ಷಕ್ಕೆ ಒಂದು ಕೋಟಿ ಡಾಲರ್.

ಮೆಲ್ಬರ್ನ್ ಅಕ್ಕ: ತಂಡದ ಒಟ್ಟು ಸಂಬಳಕ್ಕೇ ಮಿತಿಯಿರುವ ಲೀಗಿನಲ್ಲಿ ಒಬ್ಬನಿಗೆ ಅಷ್ಟು ಕೊಟ್ಟರೆ ಉಳಿದವರ ಪಾಲು ಕರಗುತ್ತದೆ ಎಂಬುದು ನನ್ನ ವಾದ. ಸಿಕ್ಕಿದ್ದಾದರೂ ಏನು? 2014, 2016, 2022 ಹೀಗೆ ಮೂರು ಫೈನಲ್, ಮೂರರಲ್ಲೂ ಸೋಲು. ಮೊದಲನೆಯದರಲ್ಲಿ ನಿಮ್ಮನ್ನು 63 ಅಂಕಗಳಿಂದ ಸೋಲಿಸಿದವರು ನಾವೇ, ಅದೂ ಅವನಿಲ್ಲದೆ. 2015ರ ಕಪ್ಪೂ ನಮ್ಮದೇ.

ನಾನು: ಅಕ್ಕ, ಆ 2014ರ ಫೈನಲ್‌ನಲ್ಲಿ ಸೋತ ಕಡೆ ನಾಲ್ಕು ಗೋಲು ಹೊಡೆದವನು ಅವನೇ ಎಂಬುದನ್ನು ಬಿಟ್ಟಿರಿ. ಹೆಚ್ಚು ಗೋಲು ಹೊಡೆದವನಿಗೆ ಸಲ್ಲುವ ಕೋಲ್ಮನ್ ಪದಕ ಅವನಿಗೆ ನಾಲ್ಕು ಬಾರಿ ಬಂತು. ಎರಡು ನಿಮ್ಮ ಅಂಗಿಯಲ್ಲಿ, ಎರಡು ಸಿಡ್ನಿಯ ಅಂಗಿಯಲ್ಲಿ. ಆದರೆ ನನ್ನ ಮಾತು ಪದಕದ ಬಗ್ಗೆ ಅಲ್ಲ. 2015ರಲ್ಲಿ ಮಾನಸಿಕ ಅನಾರೋಗ್ಯದಿಂದ ಅವನು ವರ್ಷದ ಕೊನೆಯ ಫೈನಲ್ ಸರಣಿಯಿಂದಲೇ ದೂರ ಉಳಿದ. ಒಂದೆರಡು ವರ್ಷದ ಒಪ್ಪಂದವಿದ್ದ ಆಟಗಾರನಿಗೆ ಹಾಗೆ ಬಾಯಿಬಿಟ್ಟು ಹೇಳಿ ಪಕ್ಕಕ್ಕೆ ಸರಿಯುವ ಧೈರ್ಯ ಬರುತ್ತಿತ್ತೇ ಎಂಬುದು ನನ್ನ ಅನುಮಾನ. ಎಲ್ಲರೂ ಆಡಿಕೊಂಡ ಆ ಒಂಬತ್ತು ವರ್ಷದ ಉದ್ದವೇ ಅವನಿಗೆ ಮರಳಿ ಬರಲು ಸಮಯ ಕೊಟ್ಟಿತು ಎಂದು ನಾನು ತಿಳಿದಿದ್ದೇನೆ.

ಮೆಲ್ಬರ್ನ್ ಅಕ್ಕ: ಅದನ್ನು ಒಪ್ಪುತ್ತೇನೆ. ಅವನು ಹಿಂದೆ ಸರಿದಾಗ ಇಲ್ಲಿ ನಮ್ಮವರೂ ಮರುಗಿದ್ದರು.

ಚಿಕ್ಕಪ್ಪ: ಸಾವಿರ ಗೋಲು ದಾಟಿದವರು ಎಷ್ಟು ಮಂದಿ?

ಸಿಡ್ನಿ ಭಾವ: ಇವನು ಆರನೆಯವನು ಮಾವ. ಎಲ್ಲರಿಗಿಂತ ಹೆಚ್ಚು, 1360 ಗೋಲು ಹೊಡೆದವರು ಟೋನಿ ಲಾಕೆಟ್. ಅವರೂ ಕೊನೆಗೆ ಸಿಡ್ನಿಗೇ ಬಂದವರು ಎಂಬುದನ್ನು ಅಕ್ಕನವರು ಗಮನಿಸಲಿ. 2023ರಲ್ಲಿ ನಿವೃತ್ತನಾಗುವಾಗ ಫ್ರಾಂಕ್ಲಿನ್‌ನ ಲೆಕ್ಕ 1066.

ಮೆಲ್ಬರ್ನ್ ಅಕ್ಕ: ಗಮನಿಸಿದೆ. ಆ 1066ರಲ್ಲಿ 580 ನಮ್ಮವು ಎಂಬುದನ್ನು ನೀವೂ ಗಮನಿಸಿ. ಪಂದ್ಯಗಳಲ್ಲಿಯೂ ಅಷ್ಟೇ: 182 ನಮಗೆ, 172 ನಿಮಗೆ.