ಪದ ಬೇಕು (ತುರ್ತು): ಬರೆದದ್ದರ ಮೇಲೇ ಅಡ್ಡಕ್ಕೆ ಬರೆದ ಕಾಗದ

ಅನುವಾದಕಿ:
ನಮಸ್ಕಾರ. ಅಮೆರಿಕದ ಮನೆಮಂದಿಯ ಹಳೇ ಕಾಗದಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ಓಹಾಯೊಗೆ ಹೋಗಿ ನೆಲೆಸಿದ ಮಗಳು 1838ರಲ್ಲಿ ಮ್ಯಾಸಚೂಸೆಟ್ಸ್‌ನ ತಾಯಿಗೆ ಬರೆದ ಕಾಗದವೊಂದು ಅದರಲ್ಲಿದೆ. ಬೆಣ್ಣೆಯ ಬೆಲೆ, ನೆರೆಮನೆಯ ಬಾಣಂತನ, ಗಂಡನ ಜ್ವರ, ಎಲ್ಲ ಇದೆ. ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡಕ್ಕೆ ತಿರುಗಿಸಿ, ಬರೆದ ಸಾಲುಗಳ ಮೇಲೇ ಮತ್ತೆ ಬರೆದಿದ್ದಾಳೆ. ಇದಕ್ಕೆ ಏನನ್ನಲಿ? ಪಡೆದವರು ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಕಾಗದಕ್ಕೆ 'ಬೇರಿಂಗ್' ಆಗುತ್ತದಾ? ನಡುಕ ಬಂದು ಬಿಡುವ ಆ ಜ್ವರಕ್ಕೆ 'ಮಲೇರಿಯಾ' ಸಾಕಾ?

ಓಲೆಗಾರ:
ಮೊದಲು 'ಕಾಗದ' ತೆಗೆಯಿರಿ, ಅದು ಪಾರಸಿ. 'ಪತ್ರ' ಸಂಸ್ಕ್ರುತ. ನಮ್ಮದೇ 'ಓಲೆ' ಇರುವಾಗ ಸಾಲ ಯಾಕೆ? ಅಡ್ಡೋಲೆ. ಮುಗಿಯಿತು.

ನೇಕಾರ:
ಓಲೆ ಅಂದರೆ ತಾಳೆಗರಿ. ಎರಡು ಬೆರಳಗಲದ ಗರಿಯನ್ನು ಅಡ್ಡಕ್ಕೆ ತಿರುಗಿಸಿ ಬರೆದು ತೋರಿಸಿ, ಆಮೇಲೆ ಮಾತಾಡೋಣ. 'ಅಡ್ಡೋಲೆ' ಅಂದರೆ ಜನ ಕಿವಿ ಮುಟ್ಟಿ ನೋಡಿಕೊಳ್ಳುತ್ತಾರೆ. 'ಹಾಸುಹೊಕ್ಕು ಬರಹ' ಹಾಕಿ. ಮೊದಲ ಸಾಲುಗಳು ಹಾಸು, ಮೇಲಿನವು ಹೊಕ್ಕು.

ಟಪಾಲಿನವ:
ಹಾಸುಹೊಕ್ಕು ಚೆನ್ನಾಗಿದೆ. ಆದರೆ ಕಾರಣವನ್ನೂ ಬರೆಯಿರಿ, ಇಲ್ಲದಿದ್ದರೆ ಸುಮ್ನೆ ಜಿಪುಣತನ ಅಂದುಕೊಳ್ಳುತ್ತಾರೆ. 1845ರವರೆಗೆ ಅಲ್ಲಿ ಅಂಚೆ ದರ ಹಾಳೆ ಎಷ್ಟು, ದೂರ ಎಷ್ಟು ಅನ್ನುವುದರ ಮೇಲಿತ್ತು. 400 ಮೈಲಿ ದಾಟಿದರೆ ಒಂದು ಹಾಳೆಗೆ 25 ಸೆಂಟ್, ಎರಡಕ್ಕೆ 50. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯ ಲೆಕ್ಕ. ಅದಕ್ಕೇ ಹಾಳೆಯನ್ನೇ ಮಡಚಿ ಅರಗು ಒತ್ತಿ, ಹೊರಮೈಗೆ ವಿಳಾಸ ಬರೆಯುತ್ತಿದ್ದರು. ಹೊಲದಾಳಿಗೆ ದಿನಕ್ಕೆ ಒಂದು ಡಾಲರ್ ಹುಟ್ಟುವುದೇ ಕಷ್ಟವಾಗಿದ್ದ ಕಾಲ. 1845ರ ಕಾನೂನಿನಿಂದ ಅರ್ಧ ಔನ್ಸಿಗೆ 300 ಮೈಲಿವರೆಗೆ 5 ಸೆಂಟ್, ಆಚೆಗೆ 10 ಆಯಿತು. ಆಮೇಲೂ ಅಭ್ಯಾಸಕ್ಕೆ ಹೀಗೆ ಬರೆದವರುಂಟು.

'ಬೇರಿಂಗ್' ಬೇಡ. ನಮ್ಮಲ್ಲಿ ಬೇರಿಂಗ್ ಅಂದರೆ ದಂಡ. ಸ್ಟಾಂಪು ಹಚ್ಚದಿದ್ದರೆ ದುಪ್ಪಟ್ಟು ಕಕ್ಕಬೇಕು. ಅಲ್ಲಿ ಪಡೆದವರು ಕೊಡುವುದೇ ವಾಡಿಕೆ, ಅದರಲ್ಲಿ ತಪ್ಪೇನೂ ಇರಲಿಲ್ಲ. ಮುಂಗಡ ಕಡ್ಡಾಯವಾದದ್ದು 1855ರಲ್ಲಿ. 'ಪಡೆದವರೇ ದುಡ್ಡು ಕೊಡುವ ಕಾಗದ' ಅಂತ ಬಿಡಿಸಿ ಬರೆಯಿರಿ.

ಮೇಷ್ಟ್ರು:
'ಮಲೇರಿಯಾ' ಬೇಡ, 'ಚಳಿಜ್ವರ'. ಸೊಳ್ಳೆಯ ಗುಟ್ಟು ಸಿಕಂದರಾಬಾದಿನಲ್ಲಿ ಬಯಲಾದದ್ದು 1897ರಲ್ಲಿ. ಅವಳ ಕಾಲದವರು ಜೌಗಿನ ಗಾಳಿಯನ್ನು ಬೈಯುತ್ತಿದ್ದರು.

ನೇಕಾರ:
ಆದರೆ ಇಟಾಲಿಯನ್‌ನಲ್ಲಿ ಆ ಪದದ ಅರ್ಥವೇ ಕೆಟ್ಟ ಗಾಳಿ. ಹಾಗಾದರೆ ಮಲೇರಿಯಾನೇ ಸರಿ, ಅಲ್ವಾ?

ಮೇಷ್ಟ್ರು:
ಫಲಕ ಓದುವವರು ಇಟಾಲಿಯನ್ ಓದಿಲ್ಲ. ಚಳಿಜ್ವರ.

ಅನುವಾದಕಿ:
ಇನ್ನೊಂದು. ಕಾಗದದ ಶುರುವಿನಲ್ಲಿ 'ನಾನು ಕ್ಷೇಮ, ಈ ನಾಲ್ಕು ಸಾಲು ಮುಟ್ಟುವಾಗ ನೀವೂ ಕ್ಷೇಮವಾಗಿರಲಿ' ಅಂತಿದೆ. ಆಗ ಅಲ್ಲಿ ಬಹಳ ಜನ ಹೀಗೇ ಶುರು ಮಾಡುತ್ತಿದ್ದರು. 'ಉಭಯ ಕುಶಲೋಪರಿ' ಅನ್ನಲೇ?

ಓಲೆಗಾರ:
ಅಮೆರಿಕದ ಒಕ್ಕಲಗಿತ್ತಿಯ ಬಾಯಲ್ಲಿ ಸಂಸ್ಕ್ರುತವೇ! ಹೀಗೇ ನುಡಿ ಹಾಳಾಗಿದ್ದು. 'ಪಲಕ'ವೂ ಬೇಡ, ಅಚ್ಚಗನ್ನಡದ 'ಹಲಗೆ' ಅನ್ನಿ.

ಮೇಷ್ಟ್ರು:
ಆ ಹಲಗೆ ಇದೇ ಫಲಕದ ತದ್ಭವ ಸ್ವಾಮಿ. ಮಹಾಪ್ರಾಣ ಕಿತ್ತರೆ ಪದದ ಹುಟ್ಟೂರು ಬದಲಾಗುವುದಿಲ್ಲ.

ಟಪಾಲಿನವ:
ಒಕ್ಕಣೆ ವಿಷಯದಲ್ಲಿ ಮಾತ್ರ ಓಲೆಗಾರರ ಮಾತು ಸರಿ. ನಮ್ಮ ಅಜ್ಜಂದಿರ ಒಕ್ಕಣೆ ಅವಳಿಗೆ ಒಪ್ಪುವುದಿಲ್ಲ. ನೀವು ಬರೆದಿರುವ ಸಾದಾ ಮಾತೇ ಇರಲಿ.

ಅನುವಾದಕಿ:
ಹಾಸುಹೊಕ್ಕು ಬರಹ, ಪಡೆದವರೇ ದುಡ್ಡು ಕೊಡುವ ಕಾಗದ, ಚಳಿಜ್ವರ. ದರದ ವಿಷಯವನ್ನೂ ಒಂದು ಸಾಲು ಸೇರಿಸಿ ಕಳಿಸಿದೆ. ಮುಂದಿನ ಫಲಕ ಸಾವಿನ ಸುದ್ದಿ ತರುತ್ತಿದ್ದ ಕಪ್ಪಂಚಿನ ಲಕೋಟೆಗಳದ್ದು. 'ಲಕೋಟೆ' ಎಲ್ಲಿಂದ ಬಂತು ಅಂತ ಯಾರೂ ಹೇಳಬೇಡಿ, ದಯವಿಟ್ಟು.