ಬೌಲಿಂಗ್ ಮೆಷಿನ್ ಲೆಕ್ಕ: 40 ಡಿಗ್ರಿಗೆ ಚೆಂಡು ಹಿಂದಕ್ಕೆ ಹೋಗ್ತಿದೆ!

ಲಾಂಗ್‌ಆನ್_ಫೀಲ್ಡರ್:
ಎರಡು ಚಕ್ರದ ಬೌಲಿಂಗ್ ಮೆಷಿನ್ ನಾವೇ ಮಾಡಿದ್ದೇವೆ. ಅದನ್ನು ಮೇಲಕ್ಕೆ ವಾಲಿಸಿ ಹೈ ಕ್ಯಾಚ್ ಪ್ರಾಕ್ಟೀಸ್ ಮಾಡುವ ಆಸೆ. ಚೆಂಡು ಎಲ್ಲಿ ಬೀಳುತ್ತೆ ಅಂತ ನೋಡಲು ಪೈಥಾನ್‌ನಲ್ಲಿ ಲೆಕ್ಕ ಬರೆದೆ. ವೇಗ ಸೆಕೆಂಡಿಗೆ 30 ಮೀಟರ್. 45 ಡಿಗ್ರಿಗೆ 82 ಮೀಟರ್ ಬರುತ್ತೆ, 40ಕ್ಕೆ ಮೈನಸ್ 91! ಸೂತ್ರ ಪುಸ್ತಕದ್ದೇ: ವೇಗದ ವರ್ಗ × ಸೈನ್(2 × ಕೋನ) ÷ ಗುರುತ್ವ.

ಹಳೇ_ಮೇಷ್ಟ್ರು:
ಸೂತ್ರ ಸರಿ ಇದೆ. ಪೈಥಾನ್‌ನ ಸೈನ್ ಡಿಗ್ರಿ ತಗೊಳ್ಳಲ್ಲ, ರೇಡಿಯನ್ (ಕೋನದ ಇನ್ನೊಂದು ಅಳತೆ) ತಗೊಳ್ಳುತ್ತೆ. ಕೋನವನ್ನು ಮೊದಲು ರೇಡಿಯನ್‌ಗೆ ಬದಲಿಸಿ. 45ಕ್ಕೆ 91.7, 40ಕ್ಕೆ 90.3 ಬರಬೇಕು. ಆ 82 ನಂಬುವ ಹಾಗೆ ಇತ್ತಲ್ಲ, ಅದೇ ಅಪಾಯ. ಮೈನಸ್ ಬಂದಿದ್ದೇ ಒಳ್ಳೇದಾಯ್ತು.

ಲಾಂಗ್‌ಆನ್_ಫೀಲ್ಡರ್:
ಬಂತು ಸರ್. ಆದರೆ ಮೈದಾನದಲ್ಲಿ 45 ಡಿಗ್ರಿಗೆ ಟೇಪ್ ಹಿಡಿದರೆ ಬರೀ 62 ಮೀಟರ್. ಗಾಳಿ ತಡೆ ಇರಬೇಕು ಅಂತ ಅದನ್ನೂ ಸೇರಿಸಿದೆ. ಚೆಂಡು 160 ಗ್ರಾಂ, ಅಡ್ಡಳತೆ 7.2 ಸೆಂ.ಮೀ., ತಡೆಯ ಗುಣಾಂಕ 0.45, ಗಾಳಿಯ ಸಾಂದ್ರತೆ 1.2. ಇದರಿಂದ ಕೆ (ವೇಗದ ವರ್ಗಕ್ಕೆ ಗುಣಿಸಿದರೆ ಗಾಳಿ ತಡೆ ಕೊಡುವ ಅಂಕಿ) ಬೆಲೆ 0.0069. ಅಡ್ಡ ದಿಕ್ಕಿಗೆ ಕೆ ಗುಣಿಸು ವಿಎಕ್ಸ್ (ಅಡ್ಡ ವೇಗ) ವರ್ಗ, ಮೇಲಿನ ದಿಕ್ಕಿಗೆ ಕೆ ಗುಣಿಸು ವಿವೈ (ಮೇಲೆ-ಕೆಳಗಿನ ವೇಗ) ವರ್ಗ ಕಳೆದೆ. 66 ಬಂತು. ಹತ್ತಿರ ಇದೆ, ಸಾಕಾ?

ಹಳೇ_ಮೇಷ್ಟ್ರು:
ಸಾಲದು. ಚೆಂಡು ನೆಲ ಮುಟ್ಟುವಾಗ ವಿವೈ ಎಷ್ಟಿದೆ, ಪ್ರಿಂಟ್ ಮಾಡಿ ನೋಡಿ.

ಲಾಂಗ್‌ಆನ್_ಫೀಲ್ಡರ್:
ಮೈನಸ್ 21.2. ಅಯ್ಯೋ, ಹೊರಟಾಗಲೂ 21.2 ತಾನೇ!

ಹಳೇ_ಮೇಷ್ಟ್ರು:
ಅದೇ. ಗಾಳಿ ತಡೆ ಇದ್ದೂ ಹೊರಟಷ್ಟೇ ವೇಗದಲ್ಲಿ ವಾಪಸ್ ಬರಲ್ಲ, ಅಲ್ವಾ? ವರ್ಗ ಮಾಡಿದಾಗ ಮೈನಸ್ ಚಿಹ್ನೆ ಹೊರಟುಹೋಯ್ತು. ಹಾಗಾಗಿ ಇಳಿಯುವಾಗಲೂ ನಿಮ್ಮ ಗಾಳಿ ಚೆಂಡನ್ನು ಕೆಳಕ್ಕೇ ತಳ್ಳುತ್ತಿದೆ. ಇನ್ನೊಂದು ತಪ್ಪೂ ಇದೆ. ತಡೆ ನಿಂತಿರುವುದು ಚೆಂಡಿನ ಒಟ್ಟು ವೇಗದ ಮೇಲೆ. ಎರಡು ದಿಕ್ಕನ್ನು ಬೇರೆ ಬೇರೆ ಮಾಡಿ ವರ್ಗ ಮಾಡಬಾರದು. ಅಡ್ಡಕ್ಕೆ ಕೆ × ವಿ × ವಿಎಕ್ಸ್, ಮೇಲಕ್ಕೆ ಕೆ × ವಿ × ವಿವೈ. ವಿ ಅಂದರೆ ಒಟ್ಟು ವೇಗ, ಪ್ರತಿ ಹೆಜ್ಜೆಯಲ್ಲೂ ಹೊಸದಾಗಿ ಲೆಕ್ಕ ಹಾಕಿ. ಹೆಜ್ಜೆ 0.01 ಸೆಕೆಂಡ್ ಇರಲಿ.

ಲಾಂಗ್‌ಆನ್_ಫೀಲ್ಡರ್:
63! ಎತ್ತರ 23ರ ಬದಲು 18 ಮೀಟರ್. ಇಳಿಯುವಾಗ ವಿವೈ ಸುಮಾರು 17. ಬೀಳುವ ಕೋನ 54 ಡಿಗ್ರಿ ತೋರಿಸ್ತಿದೆ, ಇದು ಸರೀನಾ?

ಹಳೇ_ಮೇಷ್ಟ್ರು:
ಸರಿ. ಅಡ್ಡ ವೇಗ ದಾರಿಯುದ್ದಕ್ಕೂ ಕರಗುತ್ತೆ, ಅದಕ್ಕೇ ಕೊನೆಗೆ ಕಡಿದಾಗಿ ಇಳಿಯುತ್ತೆ. ಬೌಂಡರಿಯಲ್ಲಿ ನಿಂತವರಿಗೆ ಇದು ಗೊತ್ತು. ಗಾಳಿಯ ಸಾಂದ್ರತೆ 1.2 ಹಾಕಿದ್ದೀರಿ. ನೀವು ಬೆಂಗಳೂರಿನವರಾದರೆ ಊರೇ 900 ಮೀಟರ್ ಎತ್ತರದಲ್ಲಿದೆ, 1.1 ಹಾಕಿ ನೋಡಿ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗದಿದ್ದರೆ ಮಾತ್ರ ಚೆಂಡಿಗೆ ಸ್ಪಿನ್ ಬರುತ್ತೆ, ಆಗ ಈ ಲೆಕ್ಕ ಕೈಕೊಡುತ್ತೆ.